ಕಾರು ಕೊಳ್ಳೋದಲ್ಲ, ಸಾಕೋದು

2021ರಲ್ಲಿ ಮೊದಲ ಕಾರು ಕೊಳ್ಳೋಕೆ ಹೋದಾಗ ನಾನು ಷೋರೂಮಿನಲ್ಲಿ ಕೇಳಿದ್ದು ಮೂರೇ ಪ್ರಶ್ನೆ. ಸನ್‌ರೂಫ್ ಇದೆಯಾ? ಮೈಲೇಜ್ ಎಷ್ಟು? ಇಎಂಐ ಎಷ್ಟಾಗುತ್ತೆ?

ಪಕ್ಕದಲ್ಲಿದ್ದ ಅಪ್ಪ ಮಾತ್ರ, "ಐದು ವರ್ಷ ಆದ್ಮೇಲೆ ಇದನ್ನ ಸಾಕೋಕೆ ಎಷ್ಟು ಬೇಕಪ್ಪಾ?" ಅಂದರು. ಎಮ್ಮೆ ವ್ಯಾಪಾರಕ್ಕೆ ಬಂದವರ ಹಾಗೆ ಮಾತಾಡ್ತಾರಲ್ಲ ಅಂತ ನನಗೆ ಮುಜುಗರ ಆಯ್ತು. ಹತ್ತೊಂಬತ್ತು ವರ್ಷ ಒಂದೇ ಸ್ಕೂಟರ್ ಓಡಿಸಿ, ಅದಕ್ಕೆ ಹಾಕಿದ ಒಂದೊಂದು ಸ್ಪಾರ್ಕ್ ಪ್ಲಗ್ಗಿನ ಲೆಕ್ಕವನ್ನೂ ನೋಟ್‌ಬುಕ್‌ನಲ್ಲಿ ಬರೆದಿಟ್ಟವರು ಅವರು.

ನಾನು ಕೊಂಡಿದ್ದು ಡೀಸೆಲ್ ಆಟೊಮ್ಯಾಟಿಕ್. ಓಡಿಸಿದ್ದು ಮನೆಯಿಂದ ಆಫೀಸಿಗೆ ಒಂಬತ್ತು ಕಿಲೋಮೀಟರ್, ಅದೂ ಬೆಂಗಳೂರು ಟ್ರಾಫಿಕ್‌ನಲ್ಲಿ ತೆವಳ್ಕೊಂಡು. ನಾಲ್ಕನೇ ವರ್ಷ, ವಾರಂಟಿ ಮುಗಿದ ಮೇಲೆ, ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಹತ್ತಿತು. ಬಿಎಸ್-6 ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯೋಕೆ ಡಿಪಿಎಫ್ ಅಂತ ಫಿಲ್ಟರ್ ಇರುತ್ತೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿದರೆ ಹೊಗೆಯ ಬಿಸಿಗೆ ಆ ಮಸಿ ಸುಟ್ಟು ಹೋಗುತ್ತೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತ ಕಾರಿಗೆ ಆ ಬಿಸಿ ಎಲ್ಲಿಂದ ಬರಬೇಕು? ತಪ್ಪು ಕಾರಿನದಲ್ಲ, ಆರಿಸಿದವನದು. ಎರಡು ಸಲ ಕ್ಲೀನ್ ಮಾಡಿಸಿದೆ. ಮೂರನೇ ಸಲ ಫಿಲ್ಟರೇ ಬದಲಾಯಿಸಬೇಕಾಯ್ತು. ಗೇರ್‌ಬಾಕ್ಸ್ ಕೆಲಸವೂ ಸೇರಿ ಬಿಲ್ ಒಂದು ಲಕ್ಷ ದಾಟಿತು.

ಅದೇ ತಿಂಗಳು ಅಮ್ಮನ ಕಣ್ಣಿನ ಪೊರೆ ಆಪರೇಷನ್ ಆಗಬೇಕಿತ್ತು. "ಅವಸರ ಏನಿಲ್ಲ, ದಸರಾ ಕಳೀಲಿ" ಅಂದರು ಅಮ್ಮ. ಅಕ್ಕಿ ಆರಿಸೋಕೆ ಮೊರ ಹಿಡಿದು ಕಿಟಕಿ ಹತ್ತಿರ ಹೋಗಿ ಕೂರ್ತಿದ್ದರು. ನಾನು ಅದನ್ನು ನೋಡಿಯೂ ನೋಡದವನ ಹಾಗೆ ಇದ್ದೆ.

ಆ ಕಾರು ಮಾರಿದೆ. ಈ ಸಲ ಷೋರೂಮಿಗೆ ಹೋದಾಗ ಸೇಲ್ಸ್ ಕೌಂಟರ್‌ಗೆ ಮೊದಲು ಸರ್ವಿಸ್ ಕೌಂಟರ್‌ಗೆ ಹೋದೆ. ಬಂಪರ್, ಕ್ಲಚ್, ಹೆಡ್‌ಲೈಟ್, ಮುಂದಿನ ಗಾಜು, ಒಂದೊಂದಕ್ಕೆ ಎಷ್ಟು ಅಂತ ಕೇಳಿ ಬರೆದುಕೊಂಡೆ. ಹ್ಯಾಲೊಜೆನ್ ದೀಪ ಹೋದರೆ ಬಲ್ಬ್ ಹಾಕಿದರೆ ಸಾಕು. ಎಲ್‌ಇಡಿ ಆದರೆ ಎಷ್ಟೋ ಕಾರುಗಳಲ್ಲಿ ಇಡೀ ಹೆಡ್‌ಲೈಟೇ ಬದಲಾಗಬೇಕು. ಟೈರ್ ಅಂಗಡಿಯಲ್ಲಿ 14 ಇಂಚು ಮತ್ತು 17 ಇಂಚಿನ ಬೆಲೆ ಕೇಳಿದ ಮೇಲೆ ದೊಡ್ಡ ಅಲಾಯ್ ವೀಲ್ ಆಸೆಯೂ ಹೋಯ್ತು.

ಎಂಜಿನ್‌ನಲ್ಲಿ ಟೈಮಿಂಗ್ ಬೆಲ್ಟ್ ಇದೆಯೋ ಚೈನ್ ಇದೆಯೋ ಅಂತಲೂ ಕೇಳಿದೆ. ಬೆಲ್ಟನ್ನು ಹೇಳಿದ ಕಿಲೋಮೀಟರ್‌ಗೆ ಬದಲಾಯಿಸಲೇಬೇಕು, ಓಡುವಾಗ ತುಂಡಾದರೆ ಎಂಜಿನ್ನೇ ಹಾಳಾಗಬಹುದು. ಚೈನ್ ಆದರೆ, ಆಯಿಲ್ ಸಮಯಕ್ಕೆ ಸರಿಯಾಗಿ ಬದಲಾಯಿಸಿದರೆ ಸಾಮಾನ್ಯವಾಗಿ ತುಂಬಾ ವರ್ಷ ತಂಟೆ ಕೊಡಲ್ಲ. ಗೇರ್ ಬೇಡ ಅನ್ನೋರಿಗೆ ಎಎಂಟಿ ಇದೆ. ಸ್ವಲ್ಪ ಜರ್ಕ್ ಹೊಡೆದರೂ ಒಳಗಿರೋದು ಮ್ಯಾನುವಲ್ ಗೇರ್‌ಬಾಕ್ಸೇ. ಡ್ಯುಯಲ್ ಕ್ಲಚ್ ಓಡಿಸೋಕೆ ಬೆಣ್ಣೆ, ರಿಪೇರಿಗೆ ಬಂದರೆ ಸುಣ್ಣ.

ಕೊನೆಗೆ ತಂದಿದ್ದು ಪೆಟ್ರೋಲ್, ಮ್ಯಾನುವಲ್ ವ್ಯಾಗನ್‌ಆರ್. ಚೈನ್ ಇರುವ ಎಂಜಿನ್. ಊರಿಗೆ ಹೋಗುವಾಗ ಅರಸೀಕೆರೆ ಹತ್ತಿರ ಕೆಟ್ಟು ನಿಂತರೂ ರಿಪೇರಿ ಮಾಡೋರು, ಸ್ಪೇರ್ ಎರಡೂ ಸಿಗುತ್ತೆ. ಆಫೀಸಿನಲ್ಲಿ ಒಬ್ಬ ಗೆಳೆಯ, "ಏನೋ, ಅಂಕಲ್ ಆಗ್ಬಿಟ್ಯಾ?" ಅಂದ. ಬೇಜಾರಾಗಲಿಲ್ಲ ಅಂದರೆ ಸುಳ್ಳಾಗುತ್ತೆ. ಮಳೆ ಬಂದಾಗ ಆ ಸನ್‌ರೂಫ್ ಈಗಲೂ ನೆನಪಾಗುತ್ತೆ.

ದಸರಾ ಕಳೆದ ಮೇಲೆ ಅಮ್ಮನನ್ನು ಅದೇ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮರುದಿನ ಪಟ್ಟಿ ತೆಗೆಸಿ ಹೊರಗೆ ಬಂದವರು ಕಾರಿನ ಮುಂದೆ ನಿಂತುಬಿಟ್ಟರು.

"ಇದು ಇಷ್ಟು ಬೆಳ್ಳಗಿದೆಯಾ? ನಾನು ಇಷ್ಟು ದಿನ ಕೆನೆ ಬಣ್ಣ ಅಂದ್ಕೊಂಡಿದ್ದೆ."

ಅಪ್ಪ ಏನೂ ಅನ್ನಲಿಲ್ಲ. ಮುಂದಿನ ಸೀಟಿನಲ್ಲಿ ಕೂತು, ಹೊಸ ನೋಟ್‌ಬುಕ್ ತೆಗೆದು, ಕಿಲೋಮೀಟರ್ ಓದಿ ಹೇಳು ಅಂದರು. ನಾನು ಹೇಳಿದೆ, ಅವರು ಬರೆದುಕೊಂಡರು.