ಬಿಸಿಲೆ ದಾರಿಯ ಕಲ್ಲು

2024ರ ಬೇಸಿಗೆಯಲ್ಲಿ ಅಬ್ಬಿಗೆರೆಯ ನಮ್ಮ ಬಿಲ್ಡಿಂಗಿನ ಬೋರ್‌ವೆಲ್ ಬತ್ತಿತ್ತು. ಆಫೀಸ್ ಕಾಲ್‌ಗಿಂತ ಮೊದಲು ಟ್ಯಾಂಕರಿಗೆ ಫೋನ್ ಮಾಡೋದೇ ನನ್ನ ಕೆಲಸ. ದಸರಾ ರಜೆಯಲ್ಲಿ ಅಮ್ಮನನ್ನು ಕುಕ್ಕೆಗೆ ಕರೆದುಕೊಂಡು ಹೊರಟೆ.

ಸಕಲೇಶಪುರ ದಾಟಿ ಬಿಸಿಲೆ ಘಾಟಿಯ ದಾರಿ ಹಿಡಿದರೆ, ರಸ್ತೆ ಬದಿಯಲ್ಲೊಂದು ಹಳೆಯ ಕಲ್ಲು. ಅದರ ಒಂದು ಕಡೆ ಬಿದ್ದ ಮಳೆ ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ. ಇನ್ನೊಂದು ಕಡೆಯದು ಕುಮಾರಧಾರಾ, ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. ಸಹ್ಯಾದ್ರಿ ಪಡುವಣಕ್ಕೆ ಕಡಿದಾಗಿ ಇಳಿಯುತ್ತೆ, ಮೂಡಣಕ್ಕೆ ನಿಧಾನವಾಗಿ. ಆ ಕಡೆಯ ನೀರು ಬೇಗ ಕಡಲು ಸೇರಿದರೆ, ಈ ಕಡೆಯದು ಊರೂರು ಸುತ್ತಿ ಹೋಗುತ್ತೆ.

‘ಎಲ್ಲಾ ಮಳೆ ನಮ್ಮ ಕಡೆಗೇ ಬೀಳಬಾರದಾ?’ ಅಂದಳು ಅಮ್ಮ.

‘ಬೀಳದಿದ್ರೂ ಎತ್ಕೊಳ್ತೀವಲ್ಲಮ್ಮ’ ಅಂದೆ. ಪಡುವಣಕ್ಕೆ ಹರಿಯುವ ಎತ್ತಿನಹೊಳೆಯೂ ಇದೇ ತಾಲ್ಲೂಕಿನದು. ಅದರ ನೀರನ್ನು ಕೋಲಾರ, ಚಿಕ್ಕಬಳ್ಳಾಪುರದಂಥ ಬರದ ಜಿಲ್ಲೆಗಳಿಗಾಗಿ ಬೆಟ್ಟದ ಈಚೆಗೆ ಪಂಪ್ ಮಾಡುವ ಯೋಜನೆಯ ಮೊದಲ ಹಂತಕ್ಕೆ ಅದೇ ಸೆಪ್ಟೆಂಬರಿನಲ್ಲಿ ಚಾಲನೆ ಸಿಕ್ಕಿತ್ತು.

ಅಮ್ಮ ಘಾಟಿ ಇಳಿಯುವವರೆಗೂ ಸುಮ್ಮನಿದ್ದಳು. ಕುಮಾರಧಾರೆಯಲ್ಲಿ ಕಾಲಿಟ್ಟಾಗ ಕೇಳಿದಳು: ‘ಹಾಗಾದ್ರೆ ಇಲ್ಲಿಯವರಿಗೆ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಬ್ಬಿಗೆರೆಗೆ ಬಂದ ರಾತ್ರಿಯೇ, ಎರಡು ತಿಂಗಳಿಂದ ತೊಟ್ಟಿಕ್ಕುತ್ತಿದ್ದ ಅಡುಗೆಮನೆ ನಲ್ಲಿಯ ವಾಷರ್ ಬದಲಿಸಿದೆ.