ಅಕ್ಕಿಯ ಊರು ಕಾರಟಗಿ

ನಮ್ಮ ಮನೆಗೆ ಬರುವ ಅಕ್ಕಿಯ ಚೀಲದ ಮೇಲೆ ಕಾರಟಗಿಯ ಹೆಸರನ್ನು ನಾವು ಅನೇಕ ವರ್ಷಗಳಿಂದ ನೋಡುತ್ತ ಬಂದಿದ್ದೆವು. ಹೋದ ವರ್ಷ ಒಂದು ಚೀಲದ ಅನ್ನವು ಉದುರುದುರಾಗದೆ ಮುದ್ದೆಯಾಗಹತ್ತಿತು. ಮನೆಯವರು, "ಇದು ಸೋನಾ ಮಸೂರಿಯೇ ಅಲ್ಲ" ಎಂದರು. ಅಂಗಡಿಯವನು, "ಅಕ್ಕಿ ಅದೇ, ಆದರೆ ಹೊಸದು" ಎಂದನು. ಇಬ್ಬರ ಮಾತಿನಲ್ಲಿ ಯಾರದು ನಿಜವೆಂಬುದನ್ನು ಗೊತ್ತುಮಾಡುವ ಶಕ್ತಿ ನಮಗಿರಲಿಲ್ಲ. ದಿನಕ್ಕೆರಡು ಹೊತ್ತು ಉಣ್ಣುವ ಅನ್ನದ ವಿಷಯವಾಗಿ ನಮ್ಮ ತಿಳಿವಳಿಕೆ ಇಷ್ಟೇ ಇರುವದನ್ನು ಕಂಡು ನಮಗೆ ನಾಚಿಕೆಯಾಯಿತು. ಆದಕಾರಣ ಸುಗ್ಗಿಯ ಕಾಲದಲ್ಲಿ ಎರಡು ದಿನಗಳ ಬಿಡುವು ಮಾಡಿಕೊಂಡು ಕಾರಟಗಿಯನ್ನೇ ನೋಡಿ ಬರಬೇಕೆಂದು ಹೊರಟೆವು.

ಹುಬ್ಬಳ್ಳಿಯಿಂದ ಗದಗ, ಕೊಪ್ಪಳಗಳ ಮೇಲೆ ಹಾಯ್ದು ಬಂದ ರೈಲು ಗಿಣಿಗೇರಿಯಲ್ಲಿ ಹೊಸ ಹಾದಿಗೆ ಹೊರಳುತ್ತದೆ. ಈ ಹಾದಿಯು ಬಹುಕಾಲ ಕಾಗದದ ಮೇಲೆಯೇ ಇದ್ದು, ಊರಿಂದೂರಿಗೆ ನಿಧಾನವಾಗಿ ಬೆಳೆದು, 2024ರಲ್ಲಿ ಸಿಂಧನೂರನ್ನು ಮುಟ್ಟಿತು. ಕೊಪ್ಪಳದ ಸುತ್ತ ಒಣ ಹೊಲಗಳೂ ಬೋಳು ಗುಡ್ಡಗಳೂ ಕಣ್ಣಿಗೆ ಬೀಳುತ್ತವೆ. ಗಂಗಾವತಿ ಸಮೀಪಿಸಿದಂತೆ ಬಂಡೆಗಲ್ಲುಗಳ ನಡುವೆ ಹಸಿರು ತೋರಿ, ಅಲ್ಲಿಂದ ಮುಂದೆ ಕಣ್ಣು ಹಾಯುವವರೆಗೂ ಭತ್ತವೇ ಭತ್ತ. ನಾವು ಹೋದಾಗ ಪೈರು ಹೊನ್ನಿನ ಬಣ್ಣಕ್ಕೆ ತಿರುಗಿತ್ತು. ಕೊಯ್ಲಿನ ಯಂತ್ರಗಳು ಗದ್ದೆಗಿಳಿದಿದ್ದವು. ರಸ್ತೆಯ ಅಂಚಿನಲ್ಲಿ ಭತ್ತವನ್ನು ಹರವಿ ಒಣಗಿಸುತ್ತಿದ್ದರು.

ಈ ಹಸಿರು ಬಹಳ ಹಳೆಯದಲ್ಲ. ಆನೆಗೊಂದಿಯ ಆಸುಪಾಸಿನಲ್ಲಿ ವಿಜಯನಗರದ ಅರಸರು ತೋಡಿಸಿದ ಕಾಲುವೆಗಳು ಇಂದಿಗೂ ಹರಿಯುತ್ತಿದ್ದು, ಅಲ್ಲಿ ನೆಲ್ಲು ಬೆಳೆಯುವದು ಶತಮಾನಗಳ ರೂಢಿ. ಆದರೆ ಕಾರಟಗಿಯ ಎರಿಭೂಮಿ ಮಳೆಯನ್ನೇ ನಂಬಿ ಜೋಳ, ಹತ್ತಿಗಳನ್ನು ಬೆಳೆದ ನಾಡು. ನಿಜಾಮರ ಆಳಿಕೆಯಲ್ಲಿದ್ದ ಈ ಭಾಗಕ್ಕೆ ನೀರು ತರುವ ಆಣೆಕಟ್ಟಿನ ಕೆಲಸವು ಹೈದರಾಬಾದು ಮತ್ತು ಮದರಾಸು ಸರಕಾರಗಳ ಒಪ್ಪಂದದಿಂದ 1945ರಲ್ಲಿ ಆರಂಭವಾಯಿತು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗಿಳಿಯಿತು. ಎಡದಂಡೆಯ ಕಾಲುವೆಯು ಸುಮಾರು 226 ಕಿಲೋಮೀಟರು ಉದ್ದವಾಗಿ ರಾಯಚೂರಿನ ಕಡೆಗೆ ಸಾಗುತ್ತದೆ.

ಯೋಜನೆ ಮಾಡಿದವರ ಲೆಕ್ಕ ಬೇರೆಯಿತ್ತು. ಇದ್ದ ನೀರನ್ನು ಹೆಚ್ಚು ಜನರಿಗೆ ಹಂಚಿ, ಬಹುಭಾಗದಲ್ಲಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ ಬೆಳೆಯಬೇಕು, ಭತ್ತಕ್ಕೆ ಸ್ವಲ್ಪವೇ ಭೂಮಿ ಇರಬೇಕು ಎಂದು ಅವರು ಗೊತ್ತುಮಾಡಿದ್ದರು. ಅಷ್ಟರಲ್ಲಿ ಆಂಧ್ರದ ಕರಾವಳಿಯಿಂದ ನೀರಾವರಿಯಲ್ಲಿ ನುರಿತ ರೈತರು ಬಂದು, ಭೂಮಿಯನ್ನು ಕೊಂಡು, ಕಾಲುವೆಯ ಪಕ್ಕದಲ್ಲಿ ನೆಲೆಸಿದರು. ಅವರ ವಸತಿಗಳಿಗೆ ಇಂದಿಗೂ ಕ್ಯಾಂಪುಗಳೆಂದೇ ಹೆಸರು. ಅವರು ಭೂಮಿಯನ್ನು ಸಮಮಾಡಿ, ಬದು ಕಟ್ಟಿ, ಭತ್ತ ಹಚ್ಚಿದರು. ಅವರನ್ನು ನೋಡಿ ಸ್ಥಳಿಕರೂ ಕಲಿತರು. ಹೀಗೆ ಗಂಗಾವತಿ-ಕಾರಟಗಿಗಳು ಭತ್ತದ ಕಣಜವೆನಿಸಿದವು. ಆದರೆ ಕಾಲುವೆಯ ತಲೆಯಲ್ಲಿ ಭತ್ತ ಹೆಚ್ಚಿದಷ್ಟೂ ಬಾಲದಲ್ಲಿ ನೀರು ಕಡಿಮೆಯಾಯಿತು. ಕೊನೆಭಾಗದ ರೈತರ ಗೋಳು ಅಂದಿನಿಂದ ಇಂದಿನವರೆಗೂ ತೀರಿಲ್ಲ.

ಕಾರಟಗಿ ದೊಡ್ಡ ನಗರವಲ್ಲ. ಗಂಗಾವತಿ ತಾಲ್ಲೂಕಿನ ಒಂದು ಪಟ್ಟಣವಾಗಿದ್ದದ್ದು 2018ರಲ್ಲಿ ತಾನೇ ತಾಲ್ಲೂಕಿನ ಊರಾಯಿತು. ಆದರೆ ಊರು ಸೇರುವ ಮೊದಲೇ ಗಿರಣಿಗಳ ಸಾಲು ಇದಿರುಗೊಳ್ಳುತ್ತದೆ. ಗಾಳಿಯಲ್ಲಿ ಉಮಿಯ ದೂಳು, ಮೂಗಿಗೆ ಬೆಂದ ಭತ್ತದ ವಾಸನೆ, ಬಾಗಿಲುಗಳಲ್ಲಿ ಲಾರಿಗಳ ಸಾಲು. ಒಬ್ಬ ಗಿರಣಿಯ ಯಜಮಾನರು ನಮ್ಮನ್ನು ಆದರದಿಂದ ಒಳಗೆ ಕರೆದು, ಚಹಾ ಕುಡಿಸಿ, ಮೇಲಿನಿಂದ ಕೆಳಗಿನವರೆಗೆ ಯಂತ್ರಗಳನ್ನೆಲ್ಲ ತೋರಿಸಿದರು.

ಅಲ್ಲಿ ಕಂಡದ್ದನ್ನು ಮನೆಯ ಲೆಕ್ಕದಲ್ಲಿ ಹೇಳುವದಾದರೆ ಹೀಗಿದೆ. ನೂರು ಕಿಲೋ ಭತ್ತವನ್ನು ಹಾಕಿದರೆ ನುಚ್ಚೂ ಸೇರಿ ಸುಮಾರು ಅರವತ್ತೈದು ಕಿಲೋ ಅಕ್ಕಿ ಬರುತ್ತದೆ. ಇಪ್ಪತ್ತರಷ್ಟು ಉಮಿ, ಎಂಟರಷ್ಟು ತವಡು. ಉಮಿಯನ್ನು ಗಿರಣಿಯ ಒಲೆಗೇ ಉರಿಸಿ ಉಗಿ ಮಾಡುತ್ತಾರೆ. ತವಡಿನಲ್ಲಿ ಎಣ್ಣೆಯೂ ಅಕ್ಕಿಯ ಜೀವಸತ್ವಗಳ ದೊಡ್ಡ ಪಾಲೂ ಇರುತ್ತವೆ. ಆದರೆ ಅಕ್ಕಿಯಿಂದ ಬೇರೆಯಾದ ಕ್ಷಣದಿಂದಲೇ ಅದರೊಳಗಿನ ಕಿಣ್ವವೊಂದು ಎಣ್ಣೆಯನ್ನು ಒಡೆಯಹತ್ತಿ, ಸ್ವಲ್ಪ ಕಾಲದಲ್ಲಿಯೇ ತವಡು ಕಮಟು ಹಿಡಿಯುತ್ತದೆ. ಆದ್ದರಿಂದ ಬೇಗನೆ ಎಣ್ಣೆ ತೆಗೆಯಬೇಕು, ಇಲ್ಲವೆ ಬಿಸಿಮಾಡಿ ಕಿಣ್ವವನ್ನು ಸುಮ್ಮನಾಗಿಸಬೇಕು. ನಮ್ಮ ಅಜ್ಜಿಯಂದಿರು ಕುಟ್ಟಿದ ಅಕ್ಕಿಯನ್ನು ಬಹುದಿನ ಇಡದೆ ಬೇಕಾದಷ್ಟೇ ಕುಟ್ಟಿಕೊಳ್ಳುತ್ತಿದ್ದುದರ ಕಾರಣ ನಮಗೆ ಅಲ್ಲಿ ಹೊಳೆಯಿತು. ಅಂಗಡಿಯವನ ಮಾತೂ ಸುಳ್ಳಾಗಿರಲಾರದೆಂದು ತಿಳಿಯಿತು. ಹೊಸ ಅಕ್ಕಿಯ ಅನ್ನ ಅಂಟುತ್ತದೆ. ಕೆಲವು ತಿಂಗಳು ಇಟ್ಟು ಹಳತು ಮಾಡಿದ ಮೇಲೆ ಕಾಳು ಬಿರುಸಾಗಿ ಅನ್ನ ಬಿಡಿಬಿಡಿಯಾಗುತ್ತದೆ.

ಇನ್ನು ಸೋನಾ ಮಸೂರಿಯ ಗೋತ್ರ-ಪ್ರವರ. ಈ ಹೆಸರಿನಿಂದ ಇಲ್ಲಿ ಹೆಚ್ಚಾಗಿ ಮಾರಾಟವಾದ ಅಕ್ಕಿಯ ನಿಜವಾದ ಹೆಸರು ಬಿಪಿಟಿ 5204, ಅಥವಾ ಸಾಂಬಾ ಮಸೂರಿ. ಆಂಧ್ರದ ಬಾಪಟ್ಲದಲ್ಲಿ ತಯಾರಾಗಿ 1986ರಲ್ಲಿ ರೈತರ ಕೈಸೇರಿತು. ಅದರ ಹಿರಿಯರಲ್ಲಿ ಒಬ್ಬರು ಕೊಯಮುತ್ತೂರಿನ ಸಣ್ಣಕ್ಕಿ. ಇನ್ನೊಬ್ಬರು ತೈವಾನಿನ ಗಿಡ್ಡತಳಿ. ಮೂರನೆಯವರಾದ ಮಸೂರಿ ಮಲೇಶಿಯಾದವರು. ಆ ಮಸೂರಿಯೂ ಒಡಿಶಾದ ಕಟಕದಲ್ಲಿ ನಮ್ಮ ಭತ್ತವನ್ನೂ ಜಪಾನಿನ ಜಾತಿಯ ಭತ್ತವನ್ನೂ ಕೂಡಿಸಲು ನಡೆದ ಪ್ರಯತ್ನದ ಫಲ. ಅಂದರೆ ನಮ್ಮ ಮನೆಯ ಅನ್ನದ ಒಂದು ತುತ್ತಿನಲ್ಲಿ ನಾಲ್ಕು ನಾಡುಗಳ ಸಂಬಂಧವಿದೆ.

ಈ ಕುಲೀನ ತಳಿಗೆ ದೇಹಶಕ್ತಿ ಸಾಲದು. ಬೆಂಕಿರೋಗಕ್ಕೂ ದುಂಡಾಣುವಿನ ಅಂಗಮಾರಿಗೂ ಬೇಗ ತುತ್ತಾಗುತ್ತದೆ; ರೈತನು ಮೇಲಿಂದ ಮೇಲೆ ಔಷಧ ಹೊಡೆಯಬೇಕಾಗುತ್ತದೆ. ಇದನ್ನು ನೀಗಿಸಲು ಹೈದರಾಬಾದಿನ ಎರಡು ಸಂಶೋಧನಾ ಸಂಸ್ಥೆಗಳವರು ಅಂಗಮಾರಿಯನ್ನು ತಡೆಯುವ ಮೂರು ಜೀನುಗಳನ್ನು ಸಂಕರದಿಂದ ಇದರೊಳಗೆ ತಂದು, 2008ರಲ್ಲಿ ಸುಧಾರಿತ ಸಾಂಬಾ ಮಸೂರಿಯನ್ನು ಬಿಡುಗಡೆ ಮಾಡಿದರು. 2025ರ ಮೇ ತಿಂಗಳಲ್ಲಿ ಇದೇ ತಳಿಯ ಒಂದು ಜೀನನ್ನು ತಿದ್ದಿ, ಸುಮಾರು ಇಪ್ಪತ್ತು ದಿನ ಮೊದಲು ಮಾಗುವ 'ಕಮಲಾ' ಎಂಬ ತಳಿಯನ್ನು ಪ್ರಕಟಿಸಿದರು. ಕಾಲುವೆಯ ನೀರು ನೆಚ್ಚಿದ ನಾಡಿಗೆ ಇಪ್ಪತ್ತು ದಿನಗಳ ನೀರಿನ ಉಳಿತಾಯವೆಂದರೆ ಸಣ್ಣ ಮಾತಲ್ಲ.

ಸಂಜೆ ನಾವು ಊರಾಚೆಗೆ ನಡೆದುಹೋದೆವು. ಎರಡೂ ಬದಿಯ ಗದ್ದೆಗಳಲ್ಲಿ ತೆನೆ ಬಾಗಿದ್ದರೆ, ನಡುವಿನ ತಗ್ಗಿನ ಒಂದು ಹೊಲದಲ್ಲಿ ಪೈರು ಅಲ್ಲೊಂದು ಇಲ್ಲೊಂದು ನಿಂತು, ನೆಲದ ಮೇಲೆ ಸುಣ್ಣ ಚೆಲ್ಲಿದಂತೆ ಬೆಳ್ಳಗಿನ ಪದರು ಕಟ್ಟಿತ್ತು. ಬದುವಿನ ಮೇಲೆ ಹುಲ್ಲು ಕೊಯ್ಯುತ್ತಿದ್ದ ಮುದುಕಿಯೊಬ್ಬಳನ್ನು, "ಇದೇನಮ್ಮಾ?" ಎಂದು ಕೇಳಿದೆವು.

"ಸವಳ್ರೀ ಯಪ್ಪಾ. ನಮ್ಮ ಮಾವನ ಕಾಲಕ್ಕ ಇಲ್ಲಿ ಬಿಳಿಜ್ವಾಳ ಆಳೆತ್ತರ ಬರ್ತಿತ್ತಂತ. ನೀರು ಬಂತು, ನೆಲ್ಲು ಬಂತು, ಮನಿ ಕಟ್ಟಿದ್ವಿ, ಮಕ್ಕಳ ಮದುವಿ ಮಾಡಿದ್ವಿ. ಈಗ ನೋಡ್ರಿ, ಭೂಮಿ ಉಪ್ಪು ಕಾರಾಕ ಹತ್ತೇತಿ."

"ಮತ್ತೆ ಜೋಳ ಹಾಕಬಾರದೆ?"

"ಸುತ್ತ ಎಲ್ಲಾ ನೀರು ನಿಲ್ಲಸ್ಯಾರ್ರಿ, ನಡುವ ನಮ್ಮ ಜ್ವಾಳ ಹೆಂಗ ಬಂದೀತು?" ಎಂದು ಅವಳು ಹುಲ್ಲಿನ ಹೊರೆ ಕಟ್ಟಿದಳು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಹೊರೆಯನ್ನು ಅವಳ ತಲೆಯ ಮೇಲೆ ಎತ್ತಿಕೊಟ್ಟು ಹಿಂದಿರುಗಿದೆವು.

ಅವಳು ಹೇಳಿದ್ದು ಒಂದು ಹೊಲದ ಕಥೆಯಲ್ಲ. ಈ ಅಚ್ಚುಕಟ್ಟಿನಲ್ಲಿ ಸಾವಿರಾರು ಎಕರೆಗಳು ಸವಳು-ಜವಳಾಗಿವೆ. ಎರಿಮಣ್ಣು ನೀರನ್ನು ಬೇಗ ಬಸಿಯಗೊಡದು. ವರ್ಷವರ್ಷವೂ ನೀರು ನಿಂತರೆ ನೆಲದೊಳಗಿನ ನೀರಿನ ಮಟ್ಟ ಮೇಲೇರಿ, ಮಣ್ಣಿನ ಉಪ್ಪನ್ನು ಕರಗಿಸಿಕೊಂಡು ಬರುತ್ತದೆ. ಬಿಸಿಲಿಗೆ ನೀರು ಆರಿಹೋಗಿ ಉಪ್ಪು ಮಾತ್ರ ನಿಲ್ಲುತ್ತದೆ.

ಮರುದಿನ ಗಂಗಾವತಿಗೆ ಬಂದು ಅಲ್ಲಿಯ ಕೃಷಿ ಸಂಶೋಧನಾ ಕೇಂದ್ರವನ್ನು ನೋಡಿದೆವು. ಇದು ರಾಯಚೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ದೇಶದಲ್ಲಿ ಉಪ್ಪುನೆಲಗಳ ಸುಧಾರಣೆಗಾಗಿ ಹರಿಯಾಣದ ಕರ್ನಾಲಿನ ಸಂಸ್ಥೆಯೊಡನೆ ಕೂಡಿ ಕೆಲಸ ಮಾಡುವ ಕೇಂದ್ರಗಳಲ್ಲಿ ಗಂಗಾವತಿಯದೂ ಒಂದು. ಆಳೆತ್ತರದ ಕಟ್ಟಡಗಳಾಗಲಿ ವೈಭವವಾಗಲಿ ಇಲ್ಲಿಲ್ಲ; ಸಣ್ಣ ಸಣ್ಣ ಮಡಿಗಳು, ಪ್ರತಿಯೊಂದು ಮಡಿಗೂ ಸಂಖ್ಯೆಯ ಫಲಕ. ತೂತುಳ್ಳ ಕೊಳವೆಗಳನ್ನು ನೆಲದಡಿಯಲ್ಲಿ ಹೂಳಿ ಉಪ್ಪುನೀರನ್ನು ಹಳ್ಳಕ್ಕೆ ಬಸಿದುಹಾಕುವ ಪದ್ಧತಿಯನ್ನು ಇಲ್ಲಿಯವರು ಬಹುಕಾಲದಿಂದ ಪ್ರಯೋಗಿಸುತ್ತಿದ್ದಾರೆ. ಇದನ್ನು ಒಬ್ಬನ ಹೊಲದಲ್ಲಿ ಮಾಡಿದರೆ ಸಾಲದು. ಹಳ್ಳದವರೆಗಿನ ನೆರೆಹೊರೆಯವರೆಲ್ಲ ಕೂಡಬೇಕು. ಮುದುಕಿಯ ಪ್ರಶ್ನೆಯ ಅರ್ಧ ಉತ್ತರ ಅಲ್ಲಿತ್ತು.

ಇನ್ನೊಂದು ಉಪಾಯವು ಸವಳನ್ನು ತಾಳುವ ಬೀಜ. ಈ ಕೇಂದ್ರದಲ್ಲಿ ಬೆಳೆದುಬಂದ ತಳಿಗೆ 'ಗಂಗಾವತಿ ಸೋನಾ' ಎಂದು ಹೆಸರು. ಸವಳನ್ನೂ ಬೆಂಕಿರೋಗವನ್ನೂ ತಕ್ಕಮಟ್ಟಿಗೆ ತಾಳಿಕೊಳ್ಳುವದು ಅದರ ಗುಣ. ಹೆಸರಿನಲ್ಲಿ 'ಸೋನಾ' ಎಂಬ ಬಾಲ ಏಕೆ ಬಂತೆಂಬುದನ್ನು ವಾಚಕರು ಊಹಿಸಬಹುದು. ಸೋನಾದಂತೆ ಸಣ್ಣಗೆ, ಬೆಳ್ಳಗೆ ಇರದ ಅಕ್ಕಿಯನ್ನು ನಾವು ಕೊಳ್ಳುವದಿಲ್ಲ. ನಾವು ಕೊಳ್ಳದ್ದನ್ನು ಗಿರಣಿಯವರು ಹಿಡಿಯುವದಿಲ್ಲ. ಗಿರಣಿಯವರು ಹಿಡಿಯದ್ದನ್ನು ರೈತನು ಬಿತ್ತುವದಿಲ್ಲ. ಹೀಗೆ ಪಂಡಿತರು ಬೀಜವನ್ನು ಮಡಿಯಲ್ಲಿ ಪರೀಕ್ಷಿಸಿದರೂ, ಅದರ ಕೊನೆಯ ಪರೀಕ್ಷೆಯನ್ನು ಅನ್ನದ ಪಾತ್ರೆಯ ಮುಂದೆ ನಿಂತು ನಮ್ಮ ಗೃಹಿಣಿಯರು ಮಾಡುತ್ತಾರೆ.

ಇಷ್ಟನ್ನು ನೋಡಿದ ಮೇಲೆ ನಮಗೆ ಅನಿಸಿದ್ದನ್ನು ಹೇಳುತ್ತೇವೆ. ಜೀವಶಾಸ್ತ್ರದ ಸಂಶೋಧನೆ, ಅದರ ಉದ್ಯಮ ಎಂದಕೂಡಲೆ ನಮ್ಮ ಮನಸ್ಸು ಬೆಂಗಳೂರು, ಹೈದರಾಬಾದುಗಳಿಗೆ ಓಡುತ್ತದೆ. ಆದರೆ ಬೀಜ, ನೆಲ, ನೀರು, ರೋಗ, ಗಿರಣಿ, ಪೇಟೆ ಇವೆಲ್ಲವೂ ಒಂದು ತಾಸಿನ ದಾರಿಯೊಳಗೆ ಕೂಡಿರುವದು ಈ ಗಂಗಾವತಿ-ಕಾರಟಗಿಗಳಲ್ಲಿ. ಕಾರಟಗಿಯ ಬಳಿಯ ನವಲಿಯಲ್ಲಿ ಅಕ್ಕಿ ತಂತ್ರಜ್ಞಾನ ಪಾರ್ಕಿನ ಯೋಜನೆ ಹೊರಟು ವರ್ಷಗಳಾದವು. ತವಡಿನಿಂದ ಎಣ್ಣೆ, ನುಚ್ಚಿನಿಂದ ತಿನಿಸು, ಉಮಿಯಿಂದ ವಿದ್ಯುತ್ತು, ಹೀಗೆ ಭತ್ತದ ಪ್ರತಿಯೊಂದು ಭಾಗಕ್ಕೂ ಇಲ್ಲಿಯೇ ಬೆಲೆ ಬರಬೇಕೆಂಬುದು ಅದರ ಹಿಂದಿನ ವಿಚಾರ. ವಿಚಾರವು ಒಳ್ಳೆಯದು. ಕಾಳು ಊರು ಬಿಟ್ಟು, ಉಪ್ಪು ಮಾತ್ರ ಊರಲ್ಲಿ ಉಳಿಯುವ ವ್ಯಾಪಾರವು ಬಹುಕಾಲ ನಡೆಯಲಾರದು.

ನೀರಿನ ಭರವಸೆಯೂ ಮೊದಲಿನಂತಿಲ್ಲ. 133 ಟಿಎಂಸಿಯಷ್ಟು ಹಿಡಿಯುವಂತೆ ಕಟ್ಟಿದ ಜಲಾಶಯದಲ್ಲಿ ಹೂಳು ತುಂಬಿ ಈಗ ಸುಮಾರು 105 ಟಿಎಂಸಿ ಮಾತ್ರ ನಿಲ್ಲುತ್ತದೆ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ಹರಿದು 19ನೆಯ ಗೇಟು ಕೊಚ್ಚಿಹೋದಾಗ, ತುಂಬಿದ ನೀರು ಹೊಳೆಗೆ ಹರಿಯುವದನ್ನು ನೋಡುತ್ತ ಈ ಸೀಮೆಯವರು ನಿದ್ದೆಗೆಟ್ಟರು. ಒಂದು ವಾರದೊಳಗೆ ತಾತ್ಪೂರ್ತಿಕ ಹಲಗೆಗಳನ್ನಿಳಿಸಿ ನೀರನ್ನು ತಡೆದದ್ದರಿಂದ ಆ ವರ್ಷದ ಬೆಳೆ ಉಳಿಯಿತು. ಎಲ್ಲರ ಅನ್ನವೂ ಒಂದು ಸರಪಳಿಯಲ್ಲಿ ತೂಗುತ್ತಿದ್ದುದು ಆಗ ಎಲ್ಲರಿಗೂ ಕಂಡಿತು.

ನಮ್ಮಂಥ ಮನೆವಾರ್ತೆಯವರು ಇದರಲ್ಲಿ ಮಾಡಬೇಕಾದುದೇನು? ಆಣೆಕಟ್ಟನ್ನು ಎತ್ತರಿಸುವದು ನಮ್ಮ ಕೈಯಲ್ಲಿಲ್ಲ. ಆದರೆ ಅಂಗಡಿಯಲ್ಲಿ ಬರಿಯ "ಸೋನಾ ಕೊಡಿ" ಎನ್ನದೆ, ಯಾವ ತಳಿ, ಹೊಸದೋ ಹಳೆಯದೋ ಎಂದು ಕೇಳುವದು ನಮ್ಮ ಕೈಯಲ್ಲಿದೆ. ಸ್ವಲ್ಪ ಕಡಿಮೆ ಪಾಲಿಶಿನ ಅಕ್ಕಿಯನ್ನು ಮನೆಗೆ ತಂದು ತವಡಿನ ಸತ್ವವನ್ನು ಉಳಿಸಿಕೊಳ್ಳಬಹುದು. ವಾರದಲ್ಲಿ ಕೆಲವು ಹೊತ್ತಾದರೂ ರೊಟ್ಟಿ ತಟ್ಟಿದರೆ, ಕಡಿಮೆ ನೀರಿನ ಜೋಳಕ್ಕೂ ಪೇಟೆಯಲ್ಲಿ ಮರ್ಯಾದೆ ಬಂದೀತು.

ಊರಿಗೆ ಮರಳುವಾಗ ಹತ್ತು ಕಿಲೋ ಗಂಗಾವತಿ ಸೋನಾ ತಂದೆವು. ಮನೆಯವರು ಅದನ್ನು ಮೊರದಲ್ಲಿ ಹರವಿ, ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಿ, "ಹೊಸದು, ನಾಲ್ಕು ತಿಂಗಳು ಇಡಬೇಕು" ಎಂದರು. ಇಟ್ಟೆವು. ಯುಗಾದಿಯ ದಿನ ಅನ್ನ ಮಾಡಿದಾಗ ಅದು ಉದುರುದುರಾಗಿಯೇ ಬಂದಿತು. ಸವಳಿನ ಹೊಲದ ಆ ತಾಯಿಯ ಮಾತನ್ನು ಅಂದು ಮನೆಯವರಿಗೆಲ್ಲ ಹೇಳಿದೆವು. ಎಲೆಯಲ್ಲಿ ಅಂದು ಯಾರೂ ಅನ್ನ ಬಿಡಲಿಲ್ಲ.