ಪರದೇಶಕ್ಕೆ ಹೊರಡುವವರೂ ಮನೆಯ ಗಿಡಗಳೂ

ಪರದೇಶಕ್ಕೆ ಹೊರಡುವವರು ಪಾತ್ರೆಪಡಗಗಳನ್ನು ಮಾರುವರು, ಬಟ್ಟೆಬರೆಗಳನ್ನು ಪೆಟ್ಟಿಗೆಯಲ್ಲಿ ತುಂಬುವರು. ಜಗಲಿಯ ಮೇಲಿನ ಗಿಡಗಳಾದರೋ ಸಾಮಾನೂ ಅಲ್ಲ, ಪ್ರಯಾಣಿಕರೂ ಅಲ್ಲ. ಅವು ಜೀವವುಳ್ಳವುಗಳಾದುದರಿಂದ ಅವುಗಳ ವಿಚಾರವನ್ನು ಕೊನೆಯ ದಿನಕ್ಕೆ ಬಿಡುವದು ಯುಕ್ತವಲ್ಲ.

ಈ ಶಾಲೆಯ ಹಳೆಯ ವಿದ್ಯಾರ್ಥಿನಿಯರಾದ ನಾವಿಬ್ಬರು ಅಕ್ಕತಂಗಿಯರು ದಾದಿಯರ ಉದ್ಯೋಗದ ನಿಮಿತ್ತ ಆಸ್ಟ್ರೇಲಿಯದ ಮೆಲ್ಬೋರ್ನ್ ನಗರಕ್ಕೆ ಹೋಗುವದು ನಿಶ್ಚಯವಾದಾಗ, ಮಂಗಳೂರಿನ ನಮ್ಮ ಮನೆಯಲ್ಲಿ ಇಪ್ಪತ್ತಕ್ಕೆ ಮಿಕ್ಕಿ ಹೂವಿನ ಚಟ್ಟಿಗಳಿದ್ದವು. ಅವುಗಳಲ್ಲೊಂದು ಮಲ್ಲಿಗೆಯು ತೀರಿಹೋದ ನಮ್ಮ ತಾಯಿಯವರು ಸ್ವಂತ ಕೈಯಿಂದ ನೆಟ್ಟದ್ದು. ಅವರ ಇತರ ಗುರುತುಗಳು ಪೆಟ್ಟಿಗೆಯಲ್ಲಿ ಬರಬಹುದಾಗಿತ್ತು. ಇದು ಮಾತ್ರ ಬರುವಂತಿರಲಿಲ್ಲ. ಯಾಕಂದರೆ ಆ ದೇಶದಲ್ಲಿ 2015ರ ಜೈವಿಕ ಸುರಕ್ಷಾ ಕಾಯಿದೆಯು ಜಾರಿಯಲ್ಲಿರುವದರಿಂದ, ಅಪ್ಪಣೆಚೀಟಿಯಿಲ್ಲದೆ ಜೀವಂತ ಗಿಡವನ್ನು ಒಳಗೆ ತರಕೂಡದು; ಬೇರಿಗಂಟಿದ ಮಣ್ಣಿಗೂ ತಡೆಯುಂಟು.

ಈ ಕಟ್ಟುನಿಟ್ಟಿಗೆ ತಕ್ಕ ಕಾರಣವಿದೆ. 1788ರಲ್ಲಿ ಮೊದಲ ವಲಸೆಗಾರರ ಹಡಗುಗಳು, ಕೆಂಪು ಬಣ್ಣವನ್ನು ಕೊಡುವ ಹುಳಗಳನ್ನು ಸಾಕುವದಕ್ಕಾಗಿ ಪಾಪಾಸುಕಳ್ಳಿಯನ್ನು ಅಲ್ಲಿಗೆ ಒಯ್ದವು. ತರುವಾಯ ಅದೇ ಕುಲದ ಬೇರೆ ಜಾತಿಗಳು ಬಂದು, ಬೇಲಿಗೆಂದು ನೆಡಲ್ಪಟ್ಟು, 1920ರ ದಶಕದಲ್ಲಿ ಸುಮಾರು 6 ಕೋಟಿ ಎಕರೆ ಭೂಮಿಯನ್ನು ಆವರಿಸಿದವು. ಎಷ್ಟೋ ಬೇಸಾಯಗಾರರು ಹೊಲಮನೆಗಳನ್ನು ಬಿಟ್ಟುಹೋಗಬೇಕಾಯಿತು. 1926ರಿಂದ ಅರ್ಜೆಂಟೀನದ ಒಂದು ಬಗೆಯ ಪತಂಗವನ್ನು ಅಲ್ಲಿ ಬಿಡಲು, ಅದರ ಮರಿಹುಳಗಳು ಕಳ್ಳಿಯನ್ನು ಒಳಗಿನಿಂದಲೇ ತಿಂದು ಅಡಗಿಸಿದವು. ನಮ್ಮ ಬಂಡೀಪುರದ ಕಾಡಿನಲ್ಲಿ ಹಬ್ಬಿರುವ ಲಂಟಾನವೂ ತೋಟದ ಅಲಂಕಾರಕ್ಕೆಂದು ಹೊರದೇಶದಿಂದ ಬಂದದ್ದೇ ಅಲ್ಲವೇ?

ಆದುದರಿಂದ ಗಿಡಗಳನ್ನು ಇಲ್ಲಿಯೇ ತಕ್ಕ ಕೈಗಳಿಗೆ ಒಪ್ಪಿಸುವದೆಂದು ನಿರ್ಧರಿಸಿದೆವು. ಜರಿಗಿಡವನ್ನೂ ಆಂಥೂರಿಯಂ ಗಿಡವನ್ನೂ ನೆರಳುಳ್ಳ ಮನೆಗೆ ಕೊಟ್ಟೆವು; ಕ್ರೋಟನ್ ಗಿಡಗಳನ್ನು ಬಿಸಿಲಿರುವ ಅಂಗಳಕ್ಕೆ ಕಳುಹಿಸಿದೆವು. ಕಣಗಿಲೆಯು ವಿಷವುಳ್ಳದ್ದಾದುದರಿಂದ ದನಕರುಗಳಾಗಲಿ ಎಳೆಮಕ್ಕಳಾಗಲಿ ಇಲ್ಲದ ಮನೆಯನ್ನು ಹುಡುಕಿದೆವು. ತೊಟ್ಟಿಯಲ್ಲಿದ್ದ ನೀರುಗಿಡವನ್ನು ಕೆರೆಗೆ ಬಿಡದೆ, ಚೆನ್ನಾಗಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿದೆವು.

ಮಲ್ಲಿಗೆಯನ್ನು ಒಪ್ಪಿಸಹೋದಾಗ ನಮ್ಮ ದೊಡ್ಡಮ್ಮನವರು, “ಮಕ್ಕಳೇ, ನನಗೂ ವಯಸ್ಸಾಯಿತು. ನನ್ನ ಕಾಲವಾದ ಮೇಲೆ ಇದಕ್ಕೆ ನೀರು ಹೊಯ್ಯುವವರು ಯಾರು?” ಎಂದು ಕೇಳಿದರು. ಆ ಮಾತು ನಮ್ಮ ಮನಸ್ಸಿನಲ್ಲಿ ನಾಟಿತು. ಮಳೆಗಾಲದ ಆರಂಭದಲ್ಲಿ ಮೂರು ಕೊಂಬೆಗಳನ್ನು ಬಗ್ಗಿಸಿ, ಗೆಣ್ಣಿನ ಕೆಳಗೆ ತೊಗಟೆಯನ್ನು ತುಸು ಸೀಳಿ, ಬೇರೆ ಚಟ್ಟಿಗಳ ಮಣ್ಣಿನಲ್ಲಿ ಹೂತು, ಮೇಲೆ ಕಲ್ಲಿಟ್ಟೆವು. ಬೇರೊಡೆದ ಮೇಲೆ ತಾಯಿಗಿಡದಿಂದ ಬೇರ್ಪಡಿಸಿದೆವು. ತಾಯಿಗಿಡವು ದೊಡ್ಡಮ್ಮನವರಲ್ಲಿಯೂ, ಒಂದು ಸಸಿಯು ನೆರೆಮನೆಯಲ್ಲಿಯೂ, ಒಂದು ಬಾಲ್ಯದ ಗೆಳತಿಯ ಮನೆಯಲ್ಲಿಯೂ, ಒಂದು ಈ ಶಾಲೆಯ ಬಾವಿಯ ಬಳಿಯಲ್ಲಿಯೂ ಇರುತ್ತವೆ. ಒಂದು ಕಡೆ ಒಣಗಿದರೂ ಇನ್ನೊಂದು ಕಡೆಯಿಂದ ಕೊಂಬೆಯನ್ನು ಬೇಡಿ ತರಬಹುದು.

ಪ್ರಿಯ ಸಹೋದರಿಯರೇ, ಬಾವಿಯ ಬಳಿಯ ಸಸಿಯು ಇನ್ನೂ ಚಿಕ್ಕದು. ಬೇಸಿಗೆಯ ರಜೆಯಲ್ಲಿ ಶಾಲೆಯು ಮುಚ್ಚಿರುವಾಗ, ಸಮೀಪದಲ್ಲಿ ಮನೆಯುಳ್ಳವರು ಸರತಿಯಂತೆ ಬಂದು ಅದಕ್ಕೆ ಒಂದು ಕೊಡ ನೀರು ಹೊಯ್ಯಬೇಕಾಗಿ ಬೇಡಿಕೊಳ್ಳುತ್ತೇವೆ. ಅದು ಹೂಬಿಟ್ಟಾಗ ಸಂಕೋಚಪಡದೆ ಕೊಯ್ದು ಮುಡಿದುಕೊಳ್ಳಿರಿ. ಹೆಣ್ಣುಮಕ್ಕಳು ಮಲ್ಲಿಗೆ ಮುಡಿಯುವದನ್ನು ನೋಡುವದು ನಮ್ಮ ತಾಯಿಯವರಿಗೆ ಬಹಳ ಪ್ರಿಯವಾಗಿತ್ತು.